ಕಣ್ಣುರೆಪ್ಪೆಯೂ ರೂಪಪ್ರಸಾದವೂ

ವೀರಶೈವ ಷಟ್‌ಸ್ಥಲ ಸಿದ್ಧಾಂತದಲ್ಲಿ ಅಂಗದ ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗದ ನೆಲೆ ಹೇಳಲ್ಪಟ್ಟಿದೆ. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಗಂಧವು ಮೂಗಿನ ಮುಖಾಂತರ, ರುಚಿಯು ನಾಲಗೆಯ ಮುಖಾಂತರ ಲಿಂಗಕ್ಕೆ ಅರ್ಪಿತವಾಗುವಂತೆ, ರೂಪವು ಕಣ್ಣಿನ ಮುಖಾಂತರ ಅರ್ಪಿತವಾಗತಕ್ಕದ್ದು. ಹೀಗೆ ಅರ್ಪಿತವಾದ ಪದಾರ್ಥವೇ ಅನಂತರ ಪ್ರಸಾದವಾಗಿ ಭಕ್ತನ ಪಾಲಿಗೆ ಬರುತ್ತದೆ. ಆದಕಾರಣ ಸದ್ಭಕ್ತನ ಕಣ್ಣಿಗೆ ಬೀಳುವ ಪ್ರತಿಯೊಂದು ರೂಪವೂ ರೂಪಪ್ರಸಾದವೇ ಸರಿ.

ಊಟಕ್ಕೆ ಕುಳಿತ ಗೃಹಸ್ಥನಿಗೆ ಪ್ರಸಾದದ ಅರ್ಥವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅನ್ನವು ಮೆತ್ತಗಾಗಿರಲಿ, ಸಾರಿಗೆ ಉಪ್ಪು ಕಡಮೆಯಾಗಿರಲಿ, ಲಿಂಗಾರ್ಪಿತವಾದ ಮೇಲೆ ಅದನ್ನು ಹಳಿಯದೆ ಸ್ವೀಕರಿಸುವ ಸಂಸ್ಕಾರವು ಮನೆಯ ಹಿರಿಯರಿಂದಲೇ ಬಂದಿರುತ್ತದೆ. ಕನ್ನಡಿಯ ಮುಂದೆ ನಿಂತಾಗ ಮಾತ್ರ ಈ ಸಂಸ್ಕಾರವು ಮರೆತುಹೋಗುತ್ತದೆ. ಹಸುವಿನ ಕಣ್ಣು, ಹೂವಿನ ಬಣ್ಣ, ಮಗುವಿನ ಮುಖ ಇವೆಲ್ಲವೂ ಶಿವನು ಕೊಟ್ಟ ರೂಪವೆಂದು ಒಪ್ಪಿಕೊಳ್ಳುವ ಮನಸ್ಸು, ನಲವತ್ತು ಐವತ್ತು ವರ್ಷ ದಾಟಿದ ತನ್ನ ಮುಖವನ್ನು ಕಂಡಾಗ ಮುನಿಯುತ್ತದೆ. ರೆಪ್ಪೆ ಜೋತುಬಿದ್ದಿತು, ಕಣ್ಣಿನ ಕೆಳಗೆ ಚೀಲ ಕಟ್ಟಿತು, ಮುಖಕ್ಕೆ ದಣಿವಿನ ಕಳೆ ಬಂದಿತು ಎಂದು ಕೊರಗುತ್ತದೆ.

ಈ ಕೊರಗಿಗೆ ಇಂದು ಒಂದು ಶಸ್ತ್ರಚಿಕಿತ್ಸೆಯೇ ದೊರೆಯುತ್ತದೆ. ವೈದ್ಯರು ಅದನ್ನು ಬ್ಲೆಫರೋಪ್ಲಾಸ್ಟಿ ಎಂದು ಕರೆಯುತ್ತಾರೆ. ಸಡಿಲಾದ ರೆಪ್ಪೆಯ ಚರ್ಮವನ್ನು ಅಳತೆಯಿಂದ ಕತ್ತರಿಸಿ ಹೊಲಿಯುವುದು ಅದರ ಸಾರ. ಸೌಂದರ್ಯ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘವು 2024ನೆಯ ವರ್ಷಕ್ಕೆ ಪ್ರಕಟಿಸಿದ ಲೆಕ್ಕದಲ್ಲಿ, ಜಗತ್ತಿನಲ್ಲಿ ಅತ್ಯಧಿಕವಾಗಿ ನಡೆದ ಸೌಂದರ್ಯ ಶಸ್ತ್ರಕ್ರಿಯೆಯು ಇದೇ ಆಗಿದೆ. ಅದರ ಸಂಖ್ಯೆಯು 21 ಲಕ್ಷವನ್ನು ಮೀರಿದೆ. ಇದು ದೂರದ ದೇಶದ ಸಿರಿವಂತರ ಮಾತೆಂದು ತಳ್ಳಿಹಾಕುವ ಕಾಲ ಕಳೆಯಿತು. ಶಿವಮೊಗ್ಗದ ಪೇಟೆಯ ಗೃಹಿಣಿಯ ಕೈಯಲ್ಲಿರುವ ಮೊಬೈಲಿನಲ್ಲಿಯೂ, ಭದ್ರಾವತಿಯ ಕಾರ್ಖಾನೆಯ ವಸತಿಗೃಹದಲ್ಲಿಯೂ, ಚಿಕಿತ್ಸೆಗೆ ಮೊದಲಿನ ಮುಖ ಮತ್ತು ಅನಂತರದ ಮುಖ ಎಂದು ಜೋಡಿಸಿಟ್ಟ ಚಿತ್ರಗಳು ತಾವಾಗಿ ಬಂದು ನಿಲ್ಲುತ್ತವೆ. ಆದುದರಿಂದ ಭಕ್ತನು ಈ ವಿಷಯದಲ್ಲಿ ಹೇಗೆ ನಡೆಯಬೇಕೆಂಬ ವಿವೇಚನೆ ಅವಶ್ಯವಾಗಿದೆ.

ಮೊದಲು ರೆಪ್ಪೆಯ ಸ್ವರೂಪವನ್ನು ತಿಳಿಯಬೇಕು. ಇಡೀ ಶರೀರದಲ್ಲಿ ಅತ್ಯಂತ ತೆಳುವಾದ ಚರ್ಮವೆಂದರೆ ಕಣ್ಣುರೆಪ್ಪೆಯದು. ಅದರ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಮೆ. ಆ ಚರ್ಮದ ಕೆಳಗೆ ಕಣ್ಣನ್ನು ಮುಚ್ಚುವ ಉಂಗುರದಂತಹ ಸ್ನಾಯುವಿದೆ. ಇನ್ನೂ ಒಳಗೆ ಮೇಲ್ರೆಪ್ಪೆಯನ್ನು ಎತ್ತಿ ಹಿಡಿಯುವ ಬೇರೊಂದು ಸ್ನಾಯುವಿದೆ. ಕಣ್ಣುಗುಡ್ಡೆಗೆ ಮೆತ್ತೆಯಂತಿರುವ ಕೊಬ್ಬನ್ನು ಒಂದು ತೆಳ್ಳನೆಯ ಪೊರೆಯು ಹಿಂದೆಯೇ ತಡೆದಿರುತ್ತದೆ. ಮನುಷ್ಯನು ಎಚ್ಚರವಿರುವಷ್ಟು ಹೊತ್ತೂ ನಿಮಿಷಕ್ಕೆ ಹತ್ತು ಹದಿನೈದು ಬಾರಿ ರೆಪ್ಪೆ ಬಡಿಯುತ್ತಾನೆ. ಹೀಗೆ ದಶಕಗಟ್ಟಲೆ ದುಡಿದ ಚರ್ಮವು ಬಿಗಿ ಕಳೆದುಕೊಳ್ಳುತ್ತದೆ. ಪೊರೆಯು ಸಡಿಲವಾಗಿ ಕೊಬ್ಬು ಮುಂದಕ್ಕೆ ಉಬ್ಬುತ್ತದೆ. ಹುಬ್ಬು ಕೂಡ ಕೆಳಗಿಳಿಯುತ್ತದೆ. ಬಿಸಿಲಿನಲ್ಲಿ ದುಡಿಯುವುದು, ಬೀಡಿ ಸಿಗರೇಟು ಸೇದುವುದು, ಕಣ್ಣನ್ನು ಪದೇ ಪದೇ ಉಜ್ಜುವುದು ಇವುಗಳಿಂದ ಈ ಬದಲಾವಣೆ ಬೇಗ ಬರುತ್ತದೆ. ಕೆಲವು ಮನೆತನಗಳಲ್ಲಿ ಇದು ಹುಟ್ಟಿನಿಂದಲೇ ಬಂದ ಬಳುವಳಿ. ಇದರಲ್ಲಿ ಪಾಪವೂ ಇಲ್ಲ, ಅಪಮಾನವೂ ಇಲ್ಲ.

ರೆಪ್ಪೆಗೆ ಶಸ್ತ್ರ ತಾಕಿಸುವುದು ಪಶ್ಚಿಮದವರ ಹೊಸ ಕಲ್ಪನೆಯೆಂದು ತಿಳಿಯುವವರುಂಟು. ಬ್ಲೆಫರೋಪ್ಲಾಸ್ಟಿ ಎಂಬ ಹೆಸರನ್ನು 1818ರಲ್ಲಿ ಜರ್ಮನಿಯ ಫಾನ್ ಗ್ರೇಫೆ ಎಂಬ ವೈದ್ಯನು ಬಳಕೆಗೆ ತಂದನೆಂಬುದು ನಿಜ. ಆದರೆ ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಎಪ್ಪತ್ತಾರು ನೇತ್ರರೋಗಗಳನ್ನು ಹೇಳಿ, ಅವುಗಳಲ್ಲಿ ಇಪ್ಪತ್ತೊಂದು ರೆಪ್ಪೆಗೆ ಸೇರಿದವೆಂದು ಎಣಿಸಲಾಗಿದೆ. ರೆಪ್ಪೆಗೂದಲು ಒಳಮುಖವಾಗಿ ತಿರುಗಿ ಕಣ್ಣನ್ನು ಚುಚ್ಚುವ ಪಕ್ಷ್ಮಕೋಪವೆಂಬ ರೋಗಕ್ಕೆ, ಹುಬ್ಬಿನ ಕೆಳಗೆ ಜವೆಯ ಕಾಳಿನ ಆಕಾರದಲ್ಲಿ ಚರ್ಮವನ್ನು ತೆಗೆದು, ಕೂದಲಿನಿಂದ ಹೊಲಿದು, ಜೇನು ಮತ್ತು ತುಪ್ಪವನ್ನು ಲೇಪಿಸುವ ಕ್ರಮವನ್ನು ಅಲ್ಲಿ ವಿವರಿಸಿದೆ. ಇಂದಿನ ವೈದ್ಯನು ಮೇಲ್ರೆಪ್ಪೆಯ ಮೇಲೆ ಗುರುತು ಹಾಕುವ ಆಕಾರವೂ ಇದಕ್ಕೆ ಬಹಳ ದೂರದ್ದಲ್ಲ. ಆದರೆ ಆ ಪ್ರಾಚೀನರು ಶಸ್ತ್ರವನ್ನು ಕೈಗೆತ್ತಿಕೊಂಡದ್ದು ಕಣ್ಣಿನ ನೋವನ್ನು ಕಳೆಯುವುದಕ್ಕಾಗಿ ಎಂಬುದನ್ನು ಮರೆಯಬಾರದು. ನೋವಿಗೆ ಶಸ್ತ್ರ, ನೋಟಕ್ಕೆ ಶಸ್ತ್ರ ಎಂಬ ಭೇದವು ಇಲ್ಲಿಂದಲೇ ಆರಂಭವಾಗುತ್ತದೆ. ಈ ಭೇದವನ್ನು ಎರಡು ದೃಷ್ಟಾಂತಗಳಿಂದ ತಿಳಿಯಬಹುದು.

ಮೊದಲನೆಯದು ಭದ್ರೆಯ ದಡದ್ದು. ಹಿಂದೆ ಬೆಂಕಿಪುರವೆಂದು ಹೆಸರಿದ್ದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿತು. ಮುಂದೆ ಅದು ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. ಅಲ್ಲಿ ಕುಲುಮೆಯ ಮುಂದೆ ಮೂವತ್ತು ವರ್ಷ ಕಣ್ಣು ಕಿರಿದು ಮಾಡಿಕೊಂಡು ದುಡಿದು ನಿವೃತ್ತನಾದ ಗೃಹಸ್ಥನೊಬ್ಬನಿದ್ದಾನೆಂದು ಭಾವಿಸೋಣವಾಗಲಿ. ಅವನ ಮೇಲ್ರೆಪ್ಪೆಯ ಚರ್ಮವು ಇಳಿದು ರೆಪ್ಪೆಗೂದಲಿನ ಮೇಲೆ ಕುಳಿತಿದೆ. ಎದುರಿನಿಂದ ಬರುವ ವಾಹನ ಕಾಣುತ್ತದೆ, ಪಕ್ಕದಿಂದ ಬರುವುದು ಕಾಣುವುದಿಲ್ಲ. ಓದುವಾಗ ಹುಬ್ಬನ್ನು ಎತ್ತಿಹಿಡಿದು ಹಿಡಿದು ಸಂಜೆಗೆ ಹಣೆ ನೋಯುತ್ತದೆ. ಇವೆಲ್ಲಕ್ಕಿಂತ ಅವನಿಗೆ ದೊಡ್ಡ ದುಃಖವೆಂದರೆ ಪೂಜೆಯದು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ದೃಷ್ಟಿಯನ್ನು ನಿಲ್ಲಿಸಿದರೆ ಎರಡು ನಿಮಿಷದೊಳಗೆ ರೆಪ್ಪೆಯು ಪರದೆಯಂತೆ ಇಳಿದುಬಿಡುತ್ತದೆ. ಬಲಗೈಯ ಬೆರಳಿನಿಂದ ರೆಪ್ಪೆಯನ್ನು ಎತ್ತಿ ಹಿಡಿದುಕೊಂಡು ಪೂಜೆ ಮಾಡಬೇಕಾಗಿದೆ.

ಮಗನು, “ಅಪ್ಪಾಜಿ, ವೈದ್ಯರಿಗೆ ತೋರಿಸೋಣ. ರೆಪ್ಪೆಗೆ ಆಪರೇಷನ್ ಉಂಟಂತೆ” ಎಂದನು.

“ಶಿವ ಕೊಟ್ಟ ರೆಪ್ಪೆಗೆ ಕತ್ತರಿ ಇಡಿಸಲೇನಪ್ಪ? ಈ ವಯಸ್ಸಿನಲ್ಲಿ ಅಂದಚಂದಕ್ಕೆ ಹೊರಟ ಅಂತ ಜನ ನಗುವುದಿಲ್ಲವೇ?” ಎಂದು ತಂದೆಯು ಕೇಳಿದನು.

ಒಳಗಿನಿಂದ ಅವನ ಹೆಂಡತಿ, “ಹಲ್ಲೂ ಶಿವ ಕೊಟ್ಟದ್ದೇ ಅಲ್ವೇನ್ರೀ? ನೋವು ಬಂದಾಗ ಕೀಳಿಸಿಕೊಂಡು ಬಂದಿರಿ. ಲಿಂಗ ಕಾಣದ ಕಣ್ಣು ಇಟ್ಟುಕೊಂಡು ಜನರ ನಗೆ ಎಣಿಸುತ್ತೀರಲ್ಲ” ಎಂದಳು.

ಆ ತಾಯಿಯ ಮಾತಿನಲ್ಲಿ ಶರಣರ ಅಭಿಪ್ರಾಯವೇ ಅಡಗಿದೆ. ಶರಣರು ಕಾಯವನ್ನು ಹೇಯವೆಂದು ಬಿಸುಟವರಲ್ಲ. ಅದನ್ನು ಶಿವನ ಗುಡಿಯೆಂದು ಕಂಡವರು. ಗುಡಿಯ ಬಾಗಿಲು ಜೋತುಬಿದ್ದು ಒಳಗಿನ ದೇವರು ಕಾಣದಂತಾದರೆ ಬಡಗಿಯನ್ನು ಕರೆಯಿಸುವುದು ಭಕ್ತನ ಕರ್ತವ್ಯ. ಕಾಯಕವು ನಡೆಯಬೇಕಾದರೆ ಕಾಯವು ನೆಟ್ಟಗಿರಬೇಕು. ಕಲ್ಯಾಣದ ಶರಣ ಸಮುದಾಯದಲ್ಲಿ ವೈದ್ಯ ಸಂಗಣ್ಣನಂತಹವನು ಇದ್ದನು. ತನ್ನ ವೈದ್ಯವೃತ್ತಿಯ ಮಾತುಗಳಲ್ಲಿಯೇ ಭವರೋಗದ ಚಿಕಿತ್ಸೆಯನ್ನೂ ಹೇಳಿದನು. ಮದ್ದು ಮಾಡುವುದು ಕಾಯಕವಾದ ಮೇಲೆ, ಮದ್ದು ಮಾಡಿಸಿಕೊಳ್ಳುವುದು ದೋಷವಾಗುವುದೆಂತು? ಆದಕಾರಣ ದೃಷ್ಟಿಗೆ ಅಡ್ಡಿಯಾದ ರೆಪ್ಪೆಯನ್ನು ಸರಿಪಡಿಸಿಕೊಳ್ಳುವುದರಲ್ಲಿ ಭಕ್ತನಿಗೆ ಯಾವ ಸಂಕೋಚವೂ ಬೇಡ.

ಇಂತಹ ರೋಗಿಯನ್ನು ನೇತ್ರವೈದ್ಯರು ದೃಷ್ಟಿಯ ವಿಸ್ತಾರವನ್ನು ಅಳೆಯುವ ಪರೀಕ್ಷೆಗೆ ಒಳಪಡಿಸುತ್ತಾರೆ. ಮೊದಲು ರೆಪ್ಪೆಯನ್ನು ಇದ್ದಂತೆಯೇ ಬಿಟ್ಟು, ಅನಂತರ ಅಂಟುಪಟ್ಟಿಯಿಂದ ಮೇಲಕ್ಕೆ ಎತ್ತಿ ಕಟ್ಟಿ, ಎರಡು ಬಾರಿ ನೋಡುತ್ತಾರೆ. ಎತ್ತಿದಾಗ ನೋಟವು ಗಣನೀಯವಾಗಿ ಹಿಗ್ಗಿದರೆ ಅಡ್ಡಿಯು ರೆಪ್ಪೆಯದೇ ಎಂಬುದು ಖಚಿತವಾಗುತ್ತದೆ. ಹಿಗ್ಗದಿದ್ದರೆ ಕಾರಣವು ಪೊರೆಯಲ್ಲಿಯೋ ಕಣ್ಣಿನ ನರದಲ್ಲಿಯೋ ಇರಬಹುದು. ಕುಲುಮೆಯ ಕಾವಿಗೆ ಬಹುಕಾಲ ಕಣ್ಣೊಡ್ಡಿದವರಿಗೆ ಕಣ್ಣಿನ ಮಸೂರದಲ್ಲಿ ಪೊರೆ ಬರುವುದುಂಟೆಂದು ವೈದ್ಯಶಾಸ್ತ್ರವು ಬಲ್ಲದು. ಇಂತಹ ಪರೀಕ್ಷೆಗಾಗಿ ಭದ್ರಾವತಿಯವನು ಬಹುದೂರ ಹೋಗಬೇಕಾಗಿಲ್ಲ. 18 ಕಿಲೋಮೀಟರಿನಷ್ಟು ದೂರದ ಶಿವಮೊಗ್ಗದಲ್ಲಿ ಮೆಗ್ಗಾನ್ ಬೋಧನಾ ಆಸ್ಪತ್ರೆಯುಂಟು, ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯುಂಟು. ಶಸ್ತ್ರಕ್ರಿಯೆಗೆ ರೆಪ್ಪೆಯ ಚಿಕಿತ್ಸೆಯಲ್ಲಿಯೇ ವಿಶೇಷ ತರಬೇತಿ ಪಡೆದ ವೈದ್ಯನನ್ನು ಅರಸಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಪ್ರತಿಯೊಬ್ಬ ಗೃಹಸ್ಥನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಪ್ಪಿನ ರೆಪ್ಪೆಯು ಎರಡು ಕಣ್ಣುಗಳಲ್ಲಿಯೂ ವರ್ಷಗಟ್ಟಲೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಹಾಗಲ್ಲದೆ ಒಂದೇ ಕಣ್ಣಿನ ರೆಪ್ಪೆಯು ಥಟ್ಟನೆ ಬಿದ್ದರೆ, ಅದರೊಂದಿಗೆ ಘೋರವಾದ ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು, ಪಾಪೆಯ ಗಾತ್ರದಲ್ಲಿ ವ್ಯತ್ಯಾಸ, ಮುಖವು ಓರೆಯಾಗುವುದು ಮುಂತಾದ ಲಕ್ಷಣಗಳಿದ್ದರೆ, ಅದು ಮೆದುಳಿನ ರಕ್ತನಾಳಕ್ಕೆ ಸಂಬಂಧಿಸಿದ ಅಪಾಯವಾಗಿರಬಹುದು. ಆ ಗಳಿಗೆಯೇ ಆಸ್ಪತ್ರೆಗೆ ಧಾವಿಸಬೇಕು. ಬೆಳಗ್ಗೆ ನೆಟ್ಟಗಿದ್ದು ಸಂಜೆಯ ಹೊತ್ತಿಗೆ ದಣಿದು ಬೀಳುವ ರೆಪ್ಪೆಯು ನರಸ್ನಾಯುಗಳ ರೋಗದ ಗುರುತಾಗಬಹುದು. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಕಣ್ಣಿನ ಸುತ್ತ ಬಾವು ಬರುತ್ತದೆ. ಇವುಗಳಿಗೆಲ್ಲ ಚರ್ಮವನ್ನು ಕತ್ತರಿಸುವುದು ಮದ್ದಲ್ಲ. ಆದುದರಿಂದ ಅಂದಕ್ಕಾಗಿ ಹೊರಟವನೂ ಮೊದಲು ಆರೋಗ್ಯವನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ಎರಡನೆಯ ದೃಷ್ಟಾಂತವು ತುಂಗೆಯ ದಡದ್ದು. ಶಿವಮೊಗ್ಗವೆಂದರೆ ಶಿವನ ಮೊಗವೆಂದು ಅರ್ಥ ಹೇಳುವುದುಂಟು. ಆ ಊರಿನಲ್ಲಿ ಐವತ್ತರ ಹತ್ತಿರದ ಗೃಹಿಣಿಯೊಬ್ಬಳು. ಅವಳ ನೋಟಕ್ಕೆ ಯಾವ ಅಡ್ಡಿಯೂ ಇಲ್ಲ. ವೈದ್ಯರು ಪರೀಕ್ಷಿಸಿ, ರೋಗವೇನೂ ಇಲ್ಲ, ಇದು ವಯಸ್ಸಿನ ಸಹಜ ಬದಲಾವಣೆಯೆಂದು ಹೇಳಿದ್ದಾರೆ. ಆದರೆ ಮದುವೆ ಮನೆಗೆ ಹೋದರೆ, “ಯಾಕಮ್ಮ, ರಾತ್ರಿಯೆಲ್ಲಾ ಅತ್ತಿದ್ದೀಯಾ? ಮೈ ಹುಷಾರಿಲ್ಲವೇ?” ಎಂದು ಒಬ್ಬರಾದ ಮೇಲೊಬ್ಬರು ಕೇಳುತ್ತಾರೆ. ಫೋಟೋ ತೆಗೆಯುವಾಗ ಅವಳು ಹಿಂದಿನ ಸಾಲಿಗೆ ಸರಿಯುತ್ತಾಳೆ. ಬರಬರುತ್ತಾ ಶರಣರ ಜಯಂತಿಗೆ, ಮಠದ ದಾಸೋಹಕ್ಕೆ ಹೋಗುವುದನ್ನೂ ಬಿಟ್ಟಿದ್ದಾಳೆ. ಬೆಂಗಳೂರಿನಿಂದ ಬಂದ ತಂಗಿಯು, “ಅಕ್ಕಾ, ನಾನು ಮಾಡಿಸಿಕೊಂಡೆ. ಒಂದೆರಡು ಗಂಟೆಯ ಕೆಲಸ. ನೀನೂ ಮಾಡಿಸಿಕೊಂಡುಬಿಡು” ಎಂದು ಹೇಳಿಹೋಗಿದ್ದಾಳೆ. ಮಗನ ಓದಿಗೆಂದು ತೆಗೆದಿರಿಸಿದ ಹಣವು ಬ್ಯಾಂಕಿನಲ್ಲಿದೆ. ಅವಳ ಮನಸ್ಸು ತೂಗುತ್ತಿದೆ.

ಇವಳನ್ನು ಕಂಡು ನಗುವುದು ಸುಲಭ. “ಸಂಸಾರಸ್ಥೆಗೆ ಇದೆಲ್ಲ ಏಕೆ?” ಎಂದು ಗದರುವುದು ಇನ್ನೂ ಸುಲಭ. ಆದರೆ ಜನರ ಮುಂದೆ ಬರಲಾರದಷ್ಟು ನೊಂದಿರುವ ಮನಸ್ಸು ನಗೆಗೆ ವಸ್ತುವಲ್ಲ. ಅವಳ ಸಂಕಟವು ನಿಜವಾದದ್ದು. ಆ ಸಂಕಟಕ್ಕೆ ಮದ್ದು ಶಸ್ತ್ರದಲ್ಲಿದೆಯೇ, ಬೇರೆಲ್ಲಿಯಾದರೂ ಇದೆಯೇ ಎಂಬುದು ಪ್ರಶ್ನೆ. ಇದಕ್ಕೆ ಉತ್ತರವನ್ನು ಹುಡುಕಲು ಭಕ್ತನ ಕೈಯಲ್ಲಿ ಹಿಂದಿನಿಂದ ಬಂದ ಅಳತೆಗೋಲೊಂದುಂಟು. ಗುರುವಿಗೆ ತನು, ಲಿಂಗಕ್ಕೆ ಮನ, ಜಂಗಮಕ್ಕೆ ಧನ ಎಂಬುದೇ ಆ ಅಳತೆಗೋಲು. ಯಾವ ಕಾರ್ಯಕ್ಕೆ ಹೊರಟಾಗಲೂ ತನು ಮನ ಧನ ಮೂರನ್ನೂ ಇದರಿಂದ ಅಳೆದು ನೋಡಬೇಕು.

ತನುವಿನ ಮಾತು ಮೊದಲು. ತಂಗಿಯು ಹೇಳಿದಂತೆ ಇದು ಒಂದೆರಡು ಗಂಟೆಯ ಕೆಲಸವೇ ಹೌದು. ಸಾಮಾನ್ಯವಾಗಿ ರೆಪ್ಪೆಗೆ ಮಾತ್ರ ಅರಿವಳಿಕೆ ಕೊಟ್ಟು, ಮೇಲ್ರೆಪ್ಪೆಯ ಸಹಜವಾದ ಮಡಿಕೆಯಲ್ಲಿಯೇ ಕೊಯ್ದು, ಹೆಚ್ಚಾದ ಚರ್ಮವನ್ನು ತೆಗೆದು ಸೂಕ್ಷ್ಮ ದಾರದಿಂದ ಹೊಲಿಯುತ್ತಾರೆ. ಕೆಳರೆಪ್ಪೆಯ ಕೊಬ್ಬನ್ನು ರೆಪ್ಪೆಯ ಒಳಮೈಯಿಂದಲೂ ಸರಿಪಡಿಸುವುದುಂಟು. ಹೊಲಿಗೆಯನ್ನು ಒಂದು ವಾರದೊಳಗೆ ಬಿಚ್ಚುತ್ತಾರೆ. ಬಾವು ಮತ್ತು ಕಪ್ಪುಗಟ್ಟಿದ ಕಲೆ ಎರಡು ವಾರದಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಬಹುಪಾಲು ಜನರಿಗೆ ತೊಂದರೆಯಾಗುವುದಿಲ್ಲ. ಆದರೂ ರೆಪ್ಪೆಯ ಧರ್ಮವು ತೆರೆಯುವುದಷ್ಟೇ ಅಲ್ಲ, ಮುಚ್ಚುವುದೂ ಅದರ ಧರ್ಮವೇ. ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿಲಿಮೀಟರ್ ಚರ್ಮವನ್ನು ಉಳಿಸಬೇಕೆಂದು ಶಸ್ತ್ರವೈದ್ಯರು ಎಚ್ಚರ ವಹಿಸುವುದು ಇದಕ್ಕಾಗಿಯೇ. ಅತಿಯಾಗಿ ತೆಗೆದರೆ ನಿದ್ದೆಯಲ್ಲಿಯೂ ಕಣ್ಣು ಪೂರ್ತಿ ಮುಚ್ಚದು. ಕಣ್ಣೀರು ಆರಿ ಕಣ್ಣು ಉರಿಯುತ್ತದೆ. ಕೆಳರೆಪ್ಪೆಯು ಹೊರಮಗ್ಗುಲಿಗೆ ತಿರುಗಿ ಜೋಲಬಹುದು. ಕಣ್ಣಿನ ಹಿಂದೆ ರಕ್ತ ಸೋರಿ ದೃಷ್ಟಿಯೇ ಹೋಗುವ ಪ್ರಸಂಗವು ಅತಿ ವಿರಳ; ಸುಮಾರು 10,000 ಜನರಲ್ಲಿ ಒಬ್ಬರಿಗೆ ಎಂದು ವೈದ್ಯರ ಅಂದಾಜು. ವಿರಳವಾದರೂ ಆ ಒಬ್ಬರಿಗೆ ಅದು ಪೂರ್ತಿ ನಷ್ಟವೇ. ನೋಟಕ್ಕೆ ಅಡ್ಡಿಯಿದ್ದವನು ಈ ಅಪಾಯವನ್ನು ಹೊರಲು ಕಾರಣವಿದೆ. ಅಡ್ಡಿಯಿಲ್ಲದವಳು, ಇದ್ದ ಕಣ್ಣನ್ನು ಯಾವ ಲಾಭಕ್ಕಾಗಿ ಪಣವಿಡುತ್ತಿದ್ದೇನೆಂದು ಕೇಳಿಕೊಳ್ಳಬೇಕು. ರಕ್ತದ ಒತ್ತಡ, ಮಧುಮೇಹ, ರಕ್ತ ತೆಳುವಾಗಿಸುವ ಮಾತ್ರೆ ಇವುಗಳಲ್ಲಿ ಯಾವುದೊಂದನ್ನೂ ವೈದ್ಯರಿಂದ ಮುಚ್ಚಿಡಕೂಡದು. ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಕೂಡದು.

ಧನದ ಮಾತು ಎರಡನೆಯದು. ಲೌಕಿಕ ಕಾನೂನು ಕೂಡ ಈ ವಿಷಯದಲ್ಲಿ ಒಂದು ಗೆರೆ ಎಳೆದಿದೆ. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಆರೋಗ್ಯ ಸೇವೆಗೆ ವಿನಾಯಿತಿ ಕೊಟ್ಟಿರುವಾಗ, ಕೇವಲ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಕ್ರಿಯೆಯನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದೆ. ಹುಟ್ಟಿನ ಊನ, ಗಾಯ ಮುಂತಾದವುಗಳಿಂದ ಕೆಟ್ಟ ಅಂಗವನ್ನು ಮರಳಿ ಸರಿಪಡಿಸುವುದಾದರೆ ಮಾತ್ರ ವಿನಾಯಿತಿಯುಂಟು. ಆರೋಗ್ಯ ವಿಮೆಯ ಕರಾರುಗಳಲ್ಲಿಯೂ ಸೌಂದರ್ಯ ಚಿಕಿತ್ಸೆಯನ್ನು ಕೈಬಿಟ್ಟಿರುತ್ತಾರೆ. ಅಂದರೆ ಈ ವೆಚ್ಚವು ಪೂರ್ತಿಯಾಗಿ ಮನೆಯ ಗಂಟಿನಿಂದಲೇ ಹೋಗತಕ್ಕದ್ದು. ಕಾಯಕದಿಂದ ಬಂದ ಧನದಲ್ಲಿ ಮನೆಯ ನಿರ್ವಾಹ, ಮಕ್ಕಳ ವಿದ್ಯೆ, ದಾಸೋಹ ಇವುಗಳಿಗೆ ಮೊದಲ ಹಕ್ಕು. ಇವೆಲ್ಲ ನಡೆದು ಮಿಕ್ಕಿದ ಧನವನ್ನು ಒಬ್ಬರು ರೇಷ್ಮೆಗೆ ಹಾಕುತ್ತಾರೆ, ಒಬ್ಬರು ಚಿನ್ನಕ್ಕೆ ಹಾಕುತ್ತಾರೆ. ಅವರನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಮಗನ ಪುಸ್ತಕದ ಹಣವನ್ನು ಮುರಿದೋ, ಬಡ್ಡಿಯ ಸಾಲ ತಂದೋ ರೆಪ್ಪೆಯನ್ನು ಹೊಲಿಸಿಕೊಂಡರೆ, ಮುಖದ ಸುಕ್ಕು ಮನೆಯ ಲೆಕ್ಕಕ್ಕೆ ಹತ್ತಿಕೊಳ್ಳುತ್ತದೆ. ಆ ಸುಕ್ಕನ್ನು ತೆಗೆಯುವ ವೈದ್ಯನಿಲ್ಲ.

ಮನದ ಮಾತು ಕಡೆಯದು, ಎಲ್ಲಕ್ಕಿಂತ ಕಠಿನವಾದದ್ದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯೇ ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಪ್ರಸಿದ್ಧಿ. ಹರಿಹರ ಕವಿಯು ರಗಳೆಯಲ್ಲಿ ಹೇಳಿರುವ ಪ್ರಕಾರ, ಮದ್ದಳೆಯ ವಿದ್ಯೆಯಲ್ಲಿ ನಿಪುಣನಾದ ಅಲ್ಲಮನು ಕಮಲತೆಯೆಂಬ ಸುಂದರಿಯಲ್ಲಿ ಮನಸ್ಸಿಟ್ಟಿದ್ದನು. ಅವಳು ಜ್ವರದಿಂದ ತೀರಿಕೊಂಡಾಗ ಆ ರೂಪವನ್ನೇ ನೆನೆನೆನೆದು ಮರುಳನಂತೆ ಅಲೆದನು. ಹೀಗಿರುವಾಗ ನೆಲದಲ್ಲಿ ಹೂತುಹೋದ ಗುಡಿಯೊಂದರ ಕಲಶವು ಅವನಿಗೆ ಗೋಚರವಾಯಿತು. ಅಗೆಯಿಸಿ ಬಾಗಿಲು ತೆರೆದು ಒಳಹೊಕ್ಕಾಗ, ಅಂಗೈಯ ಲಿಂಗದಲ್ಲಿ ಕಣ್ಣನ್ನು ನೆಟ್ಟು, ರೆಪ್ಪೆ ಬಡಿಯದೆ ಕುಳಿತಿದ್ದ ಅನಿಮಿಷಯ್ಯನನ್ನು ಕಂಡನು. ಅನಿಮಿಷನೆಂದರೆ ರೆಪ್ಪೆ ಮಿಟುಕಿಸದವನು. ಆ ಮಹಾತ್ಮನ ಕೈಯ ಲಿಂಗವು ಅಲ್ಲಮನ ಕೈಗೆ ಬಂದಿತು. ರೂಪದ ಮೋಹಿಯು ನಿರಾಕಾರದ ಪ್ರಭುವಾದನು.

ಈ ಕಥೆಯಲ್ಲಿ ಅನಿಮಿಷಯ್ಯನ ರೆಪ್ಪೆಯು ಬಿಗಿಯಾಗಿತ್ತೇ ಸಡಿಲವಾಗಿತ್ತೇ ಎಂಬುದನ್ನು ಯಾರೂ ಕೇಳುವುದಿಲ್ಲ. ಆ ರೆಪ್ಪೆಯ ಹಿಂದಿನ ದೃಷ್ಟಿ ಎಲ್ಲಿ ನಿಂತಿತ್ತು ಎಂಬುದೇ ಮುಖ್ಯ. ಕಮಲತೆಯ ರೂಪವನ್ನು ಯಾವ ಮದ್ದೂ ಉಳಿಸಲಿಲ್ಲ. ಅದನ್ನು ಕಳೆದುಕೊಂಡ ಕಣ್ಣಿಗೆ ಶಾಂತಿ ದೊರೆತದ್ದು ಮತ್ತೊಂದು ಚೆಲುವಿನಿಂದಲೂ ಅಲ್ಲ. ಅದೇ ನಾಡಿನ ಉಡುತಡಿಯ ಅಕ್ಕಮಹಾದೇವಿಯು ಲೋಕವು ಬೆರಗಾಗುವ ರೂಪವನ್ನು ಪಡೆದಿದ್ದಳು. ಆ ರೂಪಕ್ಕೆ ಮರುಳಾದವನ ಅರಮನೆಯನ್ನು ತೊರೆದು ಕೇಶವನ್ನೇ ಉಡುಗೆಯಾಗಿಸಿಕೊಂಡು ಕಲ್ಯಾಣಕ್ಕೆ ಬಂದಳು. ದೇಹದ ಹಂಗಿಲ್ಲದಿದ್ದರೆ ಕೂದಲ ಮರೆಯೇಕೆಂದು ಪ್ರಭುದೇವರು ಪರೀಕ್ಷಿಸಿದಾಗ, ಅದು ತನಗಾಗಿ ಅಲ್ಲ, ನೋಡುವವರ ಮನಸ್ಸು ನೋಯದಿರಲೆಂದು ಎಂಬ ಅರ್ಥದ ಉತ್ತರವನ್ನು ಕೊಟ್ಟಳೆಂದು ಶೂನ್ಯಸಂಪಾದನೆಯಲ್ಲಿದೆ. ಇತರರ ನೋಟವನ್ನು ಅಕ್ಕನೂ ಲೆಕ್ಕಕ್ಕೆ ತೆಗೆದುಕೊಂಡಳು. ಅವರ ಮೇಲಿನ ಕರುಣೆಯಿಂದ ತೆಗೆದುಕೊಂಡಳು, ಅವರ ಭಯದಿಂದಲ್ಲ. ಈ ಅಂತರವನ್ನು ಅರಿತವಳಿಗೆ ಮದುವೆ ಮನೆಯ ಮಾತುಗಳು ಅಷ್ಟಾಗಿ ಚುಚ್ಚವು.

ವೃದ್ಧಾಪ್ಯವು ಬಂದು ಮೈಯ ಕಾಂತಿ ಕುಂದುವುದಕ್ಕೆ ಮೊದಲೇ ಶಿವಪೂಜೆಗೆ ತೊಡಗಬೇಕೆಂಬ ಅರ್ಥದ ಬಸವಣ್ಣನವರ ವಚನವು ಮನೆಮನೆಗೂ ಪರಿಚಿತವಾದದ್ದು. ಅದರಲ್ಲಿ ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಹೇಳಿರುವುದು ಅವುಗಳನ್ನು ಮರೆಮಾಚಲೆಂದಲ್ಲ, ಹೊತ್ತಾಯಿತೆಂದು ಎಚ್ಚರಿಸಲೆಂದು. ಗಂಟೆಯ ಸದ್ದನ್ನು ಅಡಗಿಸಿದ ಮಾತ್ರಕ್ಕೆ ಹೊತ್ತು ನಿಲ್ಲುವುದಿಲ್ಲ. ಹಾಗೆಂದು ಶರಣರು ಕನ್ನಡಿಯನ್ನು ಒಡೆದವರೂ ಅಲ್ಲ. ಕನ್ನಡಿ ಕಾಯಕದ ಅಮ್ಮಿದೇವಯ್ಯನೆಂಬ ವಚನಕಾರನು ಶರಣರಲ್ಲಿಯೇ ಇದ್ದನು. ಕನ್ನಡಿ ತೋರುವುದೂ ಕಾಯಕವಾದುದರಿಂದ, ಕನ್ನಡಿ ನೋಡುವುದು ದೋಷವಲ್ಲ. ಕಂಡದ್ದನ್ನು ಶಿವಲಿಂಗಕ್ಕೆ ಅರ್ಪಿಸದೆ ತಾನೇ ಇಟ್ಟುಕೊಂಡು ಕೊರಗುವುದು ದೋಷ.

ಮೇಲೆ ಹೇಳಿದ ಗೃಹಿಣಿಯ ಮನೆಯಲ್ಲಿ ಎಂಬತ್ತು ದಾಟಿದ ಅತ್ತೆಯಿದ್ದಳು. ಅವಳಿಗೆ ಕಣ್ಣಿನ ಪೊರೆ ತೆಗೆಸಿ ಆರು ತಿಂಗಳಾಗಿತ್ತು. ಸೊಸೆಯು ಕನ್ನಡಿಯ ಮುಂದೆ ನಿಂತು ಬೆರಳಿನಿಂದ ರೆಪ್ಪೆಯನ್ನು ಎಳೆದೆಳೆದು ನೋಡಿಕೊಳ್ಳುವುದನ್ನು ಕಂಡು ಹತ್ತಿರ ಕರೆದಳು.

“ಮಗಳೇ, ಪಟ್ಟಿ ಬಿಚ್ಚಿದ ದಿನ ನನಗೆ ಮೊದಲು ಕಂಡದ್ದು ನಿನ್ನ ಮುಖ. ಎರಡು ವರ್ಷ ಮಸುಕು ಮಸುಕಾಗಿ ಕಂಡ ಮುಖ ಅವತ್ತು ತಿಳಿಯಾಗಿ ಕಂಡಿತು. ನನ್ನ ಗಂಡನ ಕಾಯಿಲೆಯಲ್ಲಿ, ನನ್ನ ಕಾಯಿಲೆಯಲ್ಲಿ ನೀನು ನಿದ್ದೆಗೆಟ್ಟದ್ದೆಲ್ಲ ಆ ಕಣ್ಣಿನಲ್ಲಿತ್ತು. ಅದನ್ನು ಕಂಡು ನನಗೆ ಕೈ ಮುಗಿಯುವ ಹಾಗಾಯಿತು. ನೀನು ಅದನ್ನು ಕಂಡು ಯಾಕೆ ಮುಖ ತಿರುಗಿಸುತ್ತೀ?” ಎಂದಳು.

“ಜನ ಕೇಳುತ್ತಾರಲ್ಲ ಅತ್ತೇ” ಎಂದಳು ಸೊಸೆ.

“ಕೇಳಲಿ. ಮುದುಕಿಯನ್ನು ನೋಡಿಕೊಂಡೆ ಅಂತ ಹೇಳು. ಅದರಲ್ಲಿ ನಾಚಿಕೆ ಏನಿದೆ? ಇಷ್ಟರ ಮೇಲೂ ನಿನಗೆ ಬೇಕೇ ಬೇಕು ಅನ್ನಿಸಿದರೆ ಮಾಡಿಸಿಕೋ. ಜೊತೆಗೆ ನಾನೇ ಬಂದು ಕೂರುತ್ತೇನೆ. ಹುಡುಗನ ಫೀಜಿನ ಹಣ ಮಾತ್ರ ಮುಟ್ಟಬೇಡ.”

ಸೊಸೆಯು ಆ ವರ್ಷ ಶಸ್ತ್ರಚಿಕಿತ್ಸೆಗೆ ಹೋಗಲಿಲ್ಲ. ಮುಂದಿನ ಸೋಮವಾರ ಮಠದ ದಾಸೋಹಕ್ಕೆ ಹೋಗಿ ಬಡಿಸಲು ನಿಂತಳು. ಮುಂದೆಂದಾದರೂ ಅವಳು ಮಾಡಿಸಿಕೊಂಡರೂ ಭಕ್ತಿಗೆ ಕುಂದು ಬರುವುದಿಲ್ಲ. ಕೊರಗಿನಿಂದ ಓಡಿಹೋಗಿ ಮಾಡಿಸಿಕೊಳ್ಳುವುದಕ್ಕೂ, ತನು ಮನ ಧನಗಳನ್ನು ತೂಗಿ ನೋಡಿ ನೆಮ್ಮದಿಯಿಂದ ಮಾಡಿಸಿಕೊಳ್ಳುವುದಕ್ಕೂ ಬಹಳ ಅಂತರವಿದೆ. ಕೊರಗಿನಿಂದ ಹೋದವಳಿಗೆ ಇಂದು ರೆಪ್ಪೆ, ನಾಳೆ ಗಲ್ಲ, ನಾಡಿದ್ದು ಕೊರಳು, ಅದಕ್ಕೆ ಕೊನೆಯಿಲ್ಲ.

ಇಲ್ಲಿ ನೆಂಟರಿಷ್ಟರಿಗೂ ಒಂದು ಮಾತು ಸಲ್ಲುತ್ತದೆ. ಮಧ್ಯವಯಸ್ಸಿನವರನ್ನು ಶಸ್ತ್ರವೈದ್ಯರ ಬಾಗಿಲಿಗೆ ದೂಡುವುದರಲ್ಲಿ ಜಾಹೀರಾತಿಗಿಂತ ನೆಂಟರ ನಾಲಗೆಯ ಪಾಲು ಕಡಮೆಯಲ್ಲ. ಎದುರಾದ ಕೂಡಲೇ ದಪ್ಪಗಾದೆ, ಕಪ್ಪಗಾದೆ, ಮುದುಕಿಯಾದೆ ಎಂದು ಅಳೆಯುವ ಕಣ್ಣು ಶಿವಲಿಂಗದ ನೆಲೆಯಾಗಲಾರದು. ದಯೆಯೇ ಧರ್ಮದ ಬೇರೆಂದು ಬಲ್ಲವರು ನೋಟದಲ್ಲಿಯೂ ದಯೆಯನ್ನು ಇಡಬೇಕು. ಚಿಕಿತ್ಸೆ ಮಾಡಿಸಿಕೊಂಡ ತಂಗಿಯನ್ನು ಹಿಂದೆ ಆಡಿಕೊಳ್ಳುವುದೂ ಅದೇ ದೋಷ. ಅವಳ ನೋವು ಅವಳಿಗೆ ಗೊತ್ತು.

ಕಣ್ಣಿನ ಮಾತನ್ನು ಬೇಡರ ಕಣ್ಣಪ್ಪನನ್ನು ನೆನೆಯದೆ ಮುಗಿಸುವಂತಿಲ್ಲ. ಲಿಂಗದ ಕಣ್ಣಿನಲ್ಲಿ ರಕ್ತ ಸುರಿದಾಗ ಆ ಪುರಾತನನು ತನ್ನ ಕಣ್ಣನ್ನೇ ಕಿತ್ತು ಇಟ್ಟನು. ಅವನ ಕಣ್ಣು ಸುಂದರವಾಗಿತ್ತೇ ಎಂದು ಶಿವನು ನೋಡಲಿಲ್ಲ. ಆ ಭಕ್ತಿಯ ದಾರಿ ಇಂದಿನ ಗೃಹಸ್ಥನಿಗೂ ತೆರೆದಿದೆ. ಪ್ರಾಣ ಹೋದ ಕೂಡಲೇ ತಿಳಿಸಿದರೆ ನೇತ್ರ ಭಂಡಾರದವರು ಮನೆಗೇ ಬಂದು ಆರು ಗಂಟೆಯೊಳಗೆ ಕಣ್ಣುಗಳನ್ನು ಪಡೆಯುತ್ತಾರೆ. ಮುಖವು ವಿಕಾರವಾಗುವುದಿಲ್ಲ, ಸಮಾಧಿ ಕ್ರಿಯೆಗೂ ಅಡ್ಡಿಯಿಲ್ಲ. ಕನ್ನಡಕ ಹಾಕಿದವರೂ, ಪೊರೆ ತೆಗೆಸಿಕೊಂಡವರೂ ಕೊಡಬಹುದು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಅಗಲಿದ ಅವರ ಮಗ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ನೋಟ ಬಂದಿತು. ಆ ಹೊತ್ತಿನಲ್ಲಿ ರೆಪ್ಪೆಯ ಸುಕ್ಕನ್ನು ಯಾರೂ ಎಣಿಸುವುದಿಲ್ಲ. ಇದೇ ರೂಪಪ್ರಸಾದದ ದಾಸೋಹ.

ತುಂಗೆಯೂ ಭದ್ರೆಯೂ ಬೇರೆ ಬೇರೆ ದಡಗಳನ್ನು ತೊಳೆದು ಕೂಡಲಿಯಲ್ಲಿ ಒಂದಾಗುತ್ತವೆ. ಹಾಗೆಯೇ ಭದ್ರಾವತಿಯ ಹಿರಿಯನು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬೆರಳ ಆಸರೆಯಿಲ್ಲದೆ ಲಿಂಗವನ್ನು ನೋಡಿದನು. ಶಿವಮೊಗ್ಗದ ಗೃಹಿಣಿಯು ಮಾಡಿಸಿಕೊಳ್ಳದೆಯೇ ಮುಖವೆತ್ತಿ ನಾಲ್ಕು ಜನರ ನಡುವೆ ಬಂದಳು. ನೋಟಕ್ಕೆ ಅಡ್ಡಿಯಾದದ್ದನ್ನು ಇಬ್ಬರೂ ಕಳೆದುಕೊಂಡರು: ಒಬ್ಬನಿಗೆ ಅದು ರೆಪ್ಪೆಯಲ್ಲಿತ್ತು, ಒಬ್ಬಳಿಗೆ ಮನದಲ್ಲಿತ್ತು. ರೆಪ್ಪೆಯು ಕಣ್ಣನ್ನು ಕಾಯುವಂತೆ ಶಿವನು ಭಕ್ತರನ್ನು ಕಾಯುತ್ತಾನೆ. ಅವನ ಕಾವಲಿನಲ್ಲಿರುವವರು ತಮಗೆ ಬಂದ ರೂಪವನ್ನು ಅವನಿಗೆ ಅರ್ಪಿಸಿ, ಪ್ರಸಾದವೆಂದು ಮರಳಿ ಪಡೆದು, ಪ್ರಸನ್ನಮುಖರಾಗಿ ಬಾಳಲಿ.